ಅಂಗಳಕ್ಕೆ ಇಳಿದ ಶಾಲೆ

ಬೋರ್ಡಿ ಮಹಾರಾಷ್ಟ್ರದ ಉತ್ತರದ ಅಂಚಿನಲ್ಲಿರುವ ಕಡಲತೀರದ ಊರು. ಅಲ್ಲಿಂದ ಸ್ವಲ್ಪ ದೂರ ಸಾಗಿದರೆ ಗುಜರಾತ್ ಸಿಗುತ್ತದೆ. 1945ರಲ್ಲಿ ಚಿಕ್ಕಮಕ್ಕಳಿಗೊಂದು ಶಾಲೆ ತೆರೆಯಲೆಂದು ಇಬ್ಬರು ಹೆಂಗಸರು ಈ ಊರಿಗೆ ಬಂದರು. ಹಿರಿಯರಾದ ತಾರಾಬಾಯಿ ಮೋಡಕ್ ಅವರಿಗೆ ಆಗ ಐವತ್ತಮೂರು ವರ್ಷ, ಕಿರಿಯರಾದ ಅನುತಾಯಿ ವಾಘ್ ಅವರಿಗೆ ಮೂವತ್ತೈದು. ಅನುತಾಯಿಯವರಿಗೆ ಹದಿಮೂರಕ್ಕೆ ಮದುವೆಯಾಗಿತ್ತು, ಕೆಲವೇ ತಿಂಗಳಲ್ಲಿ ಗಂಡ ತೀರಿಕೊಂಡಿದ್ದ. ಬಾಲವಿಧವೆಯ ಪಟ್ಟ ಹೊತ್ತು ಮೂಲೆಯಲ್ಲಿ ಕೂರಲು ಒಲ್ಲದೆ ಓದಿ, ಶಿಕ್ಷಕಿಯಾದವರು ಅವರು.

ಶಾಲೆಯೇನೋ ಶುರುವಾಯಿತು. ಊರಿನ ಅನುಕೂಲಸ್ಥರ ಮಕ್ಕಳು ಬಂದು ಕೂತರು. ದಲಿತರ ಕೇರಿಯ ಮಕ್ಕಳು ಮಾತ್ರ ಬರಲಿಲ್ಲ. ಅವರು ಬರುವುದಾದರೂ ಹೇಗೆ? ಬೆಳಗಾದರೆ ಅಪ್ಪ ಅಮ್ಮ ಕೂಲಿಗೆ ಹೋಗುತ್ತಾರೆ. ಐದು ವರ್ಷದ ಅಕ್ಕನ ಸೊಂಟದ ಮೇಲೆ ಒಂದು ವರ್ಷದ ತಮ್ಮ ಇರುತ್ತಾನೆ. ಮೈಮೇಲೆ ಸರಿಯಾದ ಬಟ್ಟೆಯಿಲ್ಲ, ಮೇಲುಕೇರಿಯ ಓಣಿ ದಾಟಿ ಬರುವ ಧೈರ್ಯವೂ ಇಲ್ಲ. ಕೆಲವು ದಿನ ಕಾದು ನೋಡಿದ ತಾರಾಬಾಯಿ ಒಂದು ತೀರ್ಮಾನಕ್ಕೆ ಬಂದರು. ಮಕ್ಕಳು ಬಾರದಿದ್ದರೆ ಶಾಲೆಯೇ ಅವರ ಕೇರಿಗೆ ಹೋಗಬೇಕು. ಮನೆಗಳ ಮುಂದಿನ ಬಯಲಿನಲ್ಲಿ, ಮರದ ನೆರಳಿನಲ್ಲಿ ಅವರು ಮಕ್ಕಳನ್ನು ಕೂಡಿಸಿಕೊಂಡರು. ಮೊದಲು ಮೈ ತೊಳೆದು ತಲೆ ಬಾಚುವುದು, ಆಮೇಲೆ ಹಾಡು, ಕಥೆ, ಆಟ. ಮರಾಠಿಯಲ್ಲಿ ಅಂಗಳಕ್ಕೆ ‘ಅಂಗಣ’ ಎನ್ನುತ್ತಾರೆ. ಅಂಗಳದಲ್ಲೇ ನಡೆಯುವ ಬಾಲವಾಡಿ ‘ಅಂಗಣವಾಡಿ’ಯಾಯಿತು.

ಇಂದು ಬೀದರಿನಿಂದ ಚಾಮರಾಜನಗರದವರೆಗೆ ಅಂಗನವಾಡಿ ಎಂಬ ಮಾತು ಗೊತ್ತಿಲ್ಲದ ಹಟ್ಟಿಯಿಲ್ಲ, ತಾಂಡಾ ಇಲ್ಲ. ಅಕ್ಕಿ, ಮೊಟ್ಟೆ, ಚುಚ್ಚುಮದ್ದು, ತೂಕದ ಯಂತ್ರ, ಬಾಣಂತಿಯರ ಪಟ್ಟಿ ಎಲ್ಲವೂ ಆ ಮಾತಿನ ಜೊತೆಗೇ ನೆನಪಾಗುತ್ತವೆ. ಅದು ಹುಟ್ಟಿದ್ದು ಪಾಠಕ್ಕಾಗಿ ಎಂಬುದು ಮಾತ್ರ ಹೆಚ್ಚಿನವರಿಗೆ ಮರೆತುಹೋಗಿದೆ. ಸರ್ಕಾರಕ್ಕೂ ಅದು ಎಷ್ಟೋ ಕಾಲ ಮರೆತೇ ಹೋಗಿತ್ತು.

ತಾರಾಬಾಯಿಯವರಿಗೆ ಈ ಹಾದಿ ತೋರಿಸಿದವರು ಗಿಜುಭಾಯಿ ಬಧೇಕಾ. ಪೂರ್ವ ಆಫ್ರಿಕಾಕ್ಕೆ ಹೋಗಿ ಬಂದು, ಸೌರಾಷ್ಟ್ರದಲ್ಲಿ ವಕೀಲಿ ಮಾಡಿಕೊಂಡಿದ್ದವರು ಅವರು. ಮಗ ಹುಟ್ಟಿದ ಮೇಲೆ ಅವನನ್ನು ಹೇಗೆ ಬೆಳೆಸಬೇಕೆಂಬ ಯೋಚನೆ ಹತ್ತಿ, ಇಟಲಿಯ ಮರಿಯಾ ಮಾಂಟೆಸರಿಯ ಬರಹಗಳನ್ನು ಓದಿ, ಕೋರ್ಟಿನ ಕೆಲಸವನ್ನೇ ಬಿಟ್ಟರು. 1920ರಲ್ಲಿ ಭಾವನಗರದ ದಕ್ಷಿಣಾಮೂರ್ತಿ ಸಂಸ್ಥೆಯಲ್ಲಿ ಬಾಲಮಂದಿರ ತೆರೆದರು. ಬೆತ್ತವಿಲ್ಲದ, ಬೈಗುಳವಿಲ್ಲದ, ಮಣ್ಣು ಹಾಡು ನಾಟಕಗಳಿಂದ ತುಂಬಿದ ಶಾಲೆ ಅದು. ಗುಜರಾತಿನ ಜನ ಅವರನ್ನು ‘ಮೀಸೆಯ ಅಮ್ಮ’ ಎಂದು ಕರೆದರು. ರಾಜಕೋಟೆಯ ಶಿಕ್ಷಕಿಯರ ತರಬೇತಿ ಕಾಲೇಜಿನಲ್ಲಿ ಪ್ರಾಂಶುಪಾಲರಾಗಿದ್ದ ತಾರಾಬಾಯಿ 1923ರಲ್ಲಿ ಆ ಹುದ್ದೆ ತೊರೆದು ಭಾವನಗರಕ್ಕೆ ಬಂದರು. ಮುಂದೆ 1939ರಲ್ಲಿ ಮಾಂಟೆಸರಿಯೇ ಥಿಯಾಸಫಿಕಲ್ ಸೊಸೈಟಿಯ ಕರೆಗೆ ಓಗೊಟ್ಟು ಮದರಾಸಿನ ಅಡ್ಯಾರಿಗೆ ಬಂದರು. ಯುದ್ಧದ ದೆಸೆಯಿಂದ ಇಲ್ಲೇ ವರ್ಷಗಟ್ಟಲೆ ಉಳಿದು ನೂರಾರು ಶಿಕ್ಷಕರನ್ನು ತಯಾರು ಮಾಡಿದರು.

ಮಾಂಟೆಸರಿ ಸಾಮಾನುಗಳು ಚೆಲುವಾದವು, ಆದರೆ ಬೆಲೆ ಜಾಸ್ತಿ. ನಯವಾಗಿ ಕಡೆದ ಮರದ ಉರುಳೆ, ಬಣ್ಣದ ಮಣಿ, ಅಳತೆಯ ಪೆಟ್ಟಿಗೆಗಳನ್ನು ಬೋರ್ಡಿಯ ಕೂಲಿಕಾರರ ಕೇರಿಗೆ ತರುವುದು ಯಾರಿಂದಾದೀತು? ತಾರಾಬಾಯಿ, ಅನುತಾಯಿ ಕಡಲಂಚಿನ ಚಿಪ್ಪು, ಬೆಣಚುಕಲ್ಲು, ಬೀಜ, ಎಲೆಗಳನ್ನೇ ಎತ್ತಿಕೊಂಡರು. ಎಣಿಸುವುದಕ್ಕೆ ಬೀಜವಾದರೇನು, ಮಣಿಯಾದರೇನು? ಹಳ್ಳಿಯ ಕೈಗೆ ಸಿಗುವ ವಸ್ತುವಿನಲ್ಲೇ ಶಾಲೆ ಕಟ್ಟಬಹುದೆಂದು ಅವರು ತೋರಿಸಿದರು. 1957ರಲ್ಲಿ ಅಲ್ಲಿಗೆ ಹತ್ತಿರದ ಕೋಸಬಾಡ ಗುಡ್ಡಕ್ಕೆ ಹೋಗಿ ವಾರ್ಲಿ ಆದಿವಾಸಿಗಳ ನಡುವೆ ನೆಲೆಸಿದರು. ದನ ಕಾಯುವ ಹುಡುಗರಿಗಾಗಿ ಹುಲ್ಲುಗಾವಲಿನಲ್ಲೇ ಶಾಲೆ ನಡೆಸಿದರು. ಈ ಕೆಲಸದ ಹಿಂದೆ ದೊಡ್ಡ ದುಡ್ಡಿರಲಿಲ್ಲ, ಸರ್ಕಾರದ ಆದೇಶವೂ ಇರಲಿಲ್ಲ.

ನಮ್ಮ ಸೀಮೆಯಲ್ಲೂ ಅಲ್ಲಲ್ಲಿ ಇಂಥ ಹಂಬಲಗಳಿದ್ದವು. ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳ ಕಲಿಕೆಯ ಪ್ರಯೋಗಗಳಿಗೆ ಕೈಹಾಕಿದರು. ಆರ್. ಕಲ್ಯಾಣಮ್ಮನವರು ಬೆಂಗಳೂರಿನಲ್ಲಿ ಮಕ್ಕಳ ಕೂಟ ಕಟ್ಟಿದರು. ಪೇಟೆಗಳಲ್ಲಿ ಮಹಿಳಾ ಸಮಾಜದವರು ಶಿಶುವಿಹಾರ ನಡೆಸುತ್ತಿದ್ದರು. ಇವೆಲ್ಲ ಒಳ್ಳೆಯ ಮನಸ್ಸಿನವರ ಸ್ವಂತ ದುಡಿಮೆಯ ಫಲಗಳು. ಅಂಥ ಮನಸ್ಸಿನವರಿಲ್ಲದ ಊರಿನ ಕೂಸಿಗೆ ಏನೂ ಸಿಗುತ್ತಿರಲಿಲ್ಲ.

ಸರ್ಕಾರ ಏನು ಮಾಡುತ್ತಿತ್ತು? 1944ರ ಸಾರ್ಜೆಂಟ್ ವರದಿ ಹತ್ತು ಲಕ್ಷ ಮಕ್ಕಳಿಗೆ ಉಚಿತ ನರ್ಸರಿ ಶಾಲೆ ಬೇಕೆಂದಿತ್ತು. ಸಂವಿಧಾನದ 45ನೇ ವಿಧಿ ಹದಿನಾಲ್ಕು ತುಂಬುವವರೆಗಿನ ಎಲ್ಲ ಮಕ್ಕಳಿಗೂ ಹತ್ತು ವರ್ಷದೊಳಗೆ ಉಚಿತ, ಕಡ್ಡಾಯ ಶಿಕ್ಷಣ ಕೊಡಲು ಪ್ರಯತ್ನಿಸಬೇಕೆಂದು ಹೇಳಿತು. ಎಲ್ಲಿಯವರೆಗೆ ಎಂಬುದನ್ನು ಅದು ಬರೆದಿತ್ತೇ ಹೊರತು ಎಲ್ಲಿಂದ ಎಂಬುದನ್ನು ಬರೆದಿರಲಿಲ್ಲ. ಹುಟ್ಟಿದಂದಿನಿಂದ ಎಂದು ಓದಿಕೊಳ್ಳಲು ಅಡ್ಡಿಯಿರಲಿಲ್ಲ, ಆದರೆ ಯಾವ ಸರ್ಕಾರವೂ ಹಾಗೆ ಓದಿಕೊಳ್ಳಲಿಲ್ಲ. 1953ರಲ್ಲಿ ದುರ್ಗಾಬಾಯಿ ದೇಶಮುಖ್ ಅವರ ಮುಂದಾಳತ್ವದಲ್ಲಿ ಕೇಂದ್ರ ಸಮಾಜ ಕಲ್ಯಾಣ ಮಂಡಳಿ ಬಂತು. ಅದು ಸಂಘಸಂಸ್ಥೆಗಳ ಬಾಲವಾಡಿಗಳಿಗೆ ಅನುದಾನ ಕೊಟ್ಟಿತು. ಇಪ್ಪತ್ತು ವರ್ಷ ನಡೆದದ್ದು ಹೆಚ್ಚುಕಡಿಮೆ ಅಷ್ಟೇ.

1969ರಲ್ಲಿ ದಿಲ್ಲಿಯಲ್ಲಿ ಗಾಂಧಿ ಜನ್ಮಶತಾಬ್ದಿಯ ಪ್ರದರ್ಶನಕ್ಕಾಗಿ ಕಟ್ಟಡಗಳು ಏಳುತ್ತಿದ್ದವು. ಕಲ್ಲು ಮಣ್ಣು ಹೊರುವ ತಾಯಂದಿರ ಕೂಸುಗಳು ಬಿಸಿಲಲ್ಲಿ, ಧೂಳಲ್ಲಿ ಬಿದ್ದಿರುವುದನ್ನು ಮೀರಾ ಮಹಾದೇವನ್ ಕಂಡರು. ಆ ಕೆಲಸದ ಜಾಗದಲ್ಲೇ ಮಕ್ಕಳಿಗಾಗಿ ಒಂದು ನೆರಳು ಮಾಡಿದರು. ಕಾಮಗಾರಿ ಮುಗಿದು ಕೂಲಿಯವರು ಮುಂದಿನ ಜಾಗಕ್ಕೆ ಹೋದರೆ ಆ ನೆರಳೂ ಅವರ ಹಿಂದೆ ಹೋಗುತ್ತಿತ್ತು. ‘ಮೊಬೈಲ್ ಕ್ರೆಷಸ್’ ಸಂಸ್ಥೆ ಹುಟ್ಟಿದ್ದು ಹೀಗೆ. ತಾಯಿಯ ದುಡಿಮೆ ಮತ್ತು ಮಗುವಿನ ಪಾಲನೆ ಒಂದೇ ಪ್ರಶ್ನೆಯ ಎರಡು ಮುಖಗಳೆಂದು ಅದು ಅಂದೇ ಹೇಳಿತು. ನಮ್ಮ ಯೋಜನೆಗಳಿಗೆ ಆ ಮಾತು ಕೇಳಿಸಲು ದಶಕಗಳೇ ಬೇಕಾದವು.

ಕೇಂದ್ರ ಶಿಕ್ಷಣ ಸಲಹಾ ಮಂಡಳಿ ಶಾಲಾಪೂರ್ವ ಮಕ್ಕಳ ಬಗ್ಗೆ ನೇಮಿಸಿದ ಅಧ್ಯಯನ ತಂಡಕ್ಕೆ ಮೀನಾ ಸ್ವಾಮಿನಾಥನ್ ಅಧ್ಯಕ್ಷೆಯಾಗಿದ್ದರು. 1972ರಲ್ಲಿ ಅವರು ಕೊಟ್ಟ ವರದಿಯ ತಿರುಳನ್ನು ನೇರವಾಗಿ ಹೇಳುವುದಾದರೆ, ಆರು ವರ್ಷದೊಳಗಿನ ಮಗುವಿನ ಅನ್ನ, ಆರೋಗ್ಯ, ಆಟಪಾಠಗಳನ್ನು ಬೇರೆಬೇರೆ ಇಲಾಖೆಗಳಿಗೆ ಹಂಚಿ ಹಾಕಬಾರದು. ಹಸಿದ ಮಗು ಕಲಿಯಲಾರದು, ಆಡದ ಮಗು ಉಂಡರೂ ಅರಳದು. ಮೂರೂ ಒಂದೇ ಸೂರಿನಡಿ ಸಿಗಬೇಕು. ಮುಂದೆ ಬಂದ ದೇಶವ್ಯಾಪಿ ಯೋಜನೆಯ ಬೀಜ ಈ ವರದಿಯಲ್ಲಿದೆ.

ಅದೇ ಹೊತ್ತಿಗೆ ಅಮೆರಿಕದಲ್ಲೂ ಇಂಥದೇ ಚರ್ಚೆ ನಡೆದಿತ್ತು. ಎಲ್ಲ ಮಕ್ಕಳಿಗೂ ಪಾಲನೆ ಮತ್ತು ಶಾಲಾಪೂರ್ವ ಕಲಿಕೆ ಒದಗಿಸುವ ಮಸೂದೆಗೆ ಅಲ್ಲಿನ ಸಂಸತ್ತಿನ ಎರಡೂ ಸದನಗಳು ಒಪ್ಪಿಗೆ ಕೊಟ್ಟಿದ್ದವು. 1971ರ ಡಿಸೆಂಬರ್ 9ರಂದು ಅಧ್ಯಕ್ಷ ನಿಕ್ಸನ್ ಅದಕ್ಕೆ ಸಹಿ ಹಾಕದೆ ತಿರಸ್ಕರಿಸಿದರು. ಆ ಸಿರಿವಂತ ದೇಶದಲ್ಲಿ ಇಂದಿಗೂ ಒಂದೊಂದು ರಾಜ್ಯದ ಮಗುವಿಗೆ ಒಂದೊಂದು ಭಾಗ್ಯ. ಬರಗಾಲದಿಂದ ಆಗಷ್ಟೇ ತಲೆಯೆತ್ತುತ್ತಿದ್ದ ಭಾರತ ಅದೇ ದಶಕದಲ್ಲಿ ಆ ಹೆಜ್ಜೆಯಿಟ್ಟಿತು. ಮುಂದೆ ಹೇಳಬೇಕಾದ ಕೊರತೆಗಳು ಎಷ್ಟೇ ಇದ್ದರೂ ಆ ಹೆಜ್ಜೆಯ ಹಿರಿಮೆಯನ್ನು ಮೊದಲು ಒಪ್ಪಲೇಬೇಕು.

1974ರ ಆಗಸ್ಟಿನಲ್ಲಿ ರಾಷ್ಟ್ರೀಯ ಮಕ್ಕಳ ನೀತಿ ಹೊರಬಂತು. ಮರುವರ್ಷ ಜೂನಿನಲ್ಲಿ ತುರ್ತುಪರಿಸ್ಥಿತಿ ಹೇರಲಾಯಿತು. ಆ ಕತ್ತಲ ಕಾಲದ ನಡುವೆಯೇ 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ, ಎಂದರೆ ಐಸಿಡಿಎಸ್, ದೇಶದ 33 ಕಡೆ ಪ್ರಾಯೋಗಿಕವಾಗಿ ಶುರುವಾಯಿತು. ಒಟ್ಟು 4,891 ಕೇಂದ್ರಗಳು. ಕೇಂದ್ರಗಳಿಗೆ ಇಟ್ಟ ಹೆಸರು ತಾರಾಬಾಯಿಯವರ ಅಂಗಣವಾಡಿ. ಆದರೆ ಅವರು ಎರಡು ವರ್ಷ ಹಿಂದೆಯೇ ತೀರಿಕೊಂಡಿದ್ದರು.

ಕರ್ನಾಟಕಕ್ಕೆ ಸಿಕ್ಕ ಆ ಮೊದಲ ಯೋಜನೆ ಮೈಸೂರು ಜಿಲ್ಲೆಯ ಟಿ. ನರಸೀಪುರದ್ದು. ಕಾವೇರಿ ಕಪಿಲೆಯರು ಕೂಡುವ ತಿರುಮಕೂಡಲನ್ನು ಜನ ಸಂಗಮಸ್ನಾನಕ್ಕೆ, ಗುಂಜಾ ನರಸಿಂಹನಿಗೆ ನೆನೆಯುತ್ತಾರೆ. ನಾಡಿನ ಅಂಗನವಾಡಿಗಳ ಮೊದಲ ಊರು ಎಂದೂ ನೆನೆಯಬೇಕು. ದೇವರಾಜ ಅರಸರು ಆಗ ಮುಖ್ಯಮಂತ್ರಿ. ನೂರು ಅಂಗನವಾಡಿಗಳಿಂದ ಕೆಲಸ ಶುರುವಾಯಿತು. ಇಂದು ರಾಜ್ಯದಲ್ಲಿ 204 ಶಿಶು ಅಭಿವೃದ್ಧಿ ಯೋಜನೆಗಳಿವೆ, ಕೇಂದ್ರಗಳ ಸಂಖ್ಯೆ 65 ಸಾವಿರ ದಾಟಿದೆ.

ಆರು ಸೇವೆಗಳನ್ನು ಕೊಡಬೇಕೆಂಬುದು ಯೋಜನೆಯ ಕಟ್ಟಳೆ: ಪೂರಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ಕಾಯಿಲೆಯ ಮಗುವನ್ನು ದೊಡ್ಡ ಆಸ್ಪತ್ರೆಗೆ ಕಳಿಸುವುದು, ತಾಯಂದಿರಿಗೆ ಆಹಾರ ಆರೋಗ್ಯದ ತಿಳಿವಳಿಕೆ, ಮೂರರಿಂದ ಆರರ ಮಕ್ಕಳಿಗೆ ಶಾಲಾಪೂರ್ವ ಶಿಕ್ಷಣ. ಇಷ್ಟನ್ನೂ ನಡೆಸಬೇಕಾದವರು ಒಬ್ಬ ಕಾರ್ಯಕರ್ತೆ, ಒಬ್ಬ ಸಹಾಯಕಿ. ಆರಂಭದಲ್ಲಿ ಮೆಟ್ರಿಕ್ ಓದಿದ ಕಾರ್ಯಕರ್ತೆಗೆ ತಿಂಗಳಿಗೆ 150 ರೂಪಾಯಿ, ಓದದಿದ್ದವರಿಗೆ 100, ಸಹಾಯಕಿಗೆ 35. ಇದನ್ನು ಸಂಬಳ ಎನ್ನಲಿಲ್ಲ, ಗೌರವಧನ ಎಂದರು. ಊರಿನ ಹೆಣ್ಣುಮಗಳು ತನ್ನೂರಿನ ಮಕ್ಕಳಿಗಾಗಿ ಬಿಡುವಿನಲ್ಲಿ ಮಾಡುವ ಸೇವೆಯೆಂಬುದು ಯೋಜನೆ ಬರೆದವರ ಎಣಿಕೆ. ಅವಳನ್ನು ಶಿಕ್ಷಕಿ ಎನ್ನಲಿಲ್ಲ, ನೌಕರಳು ಎನ್ನಲಿಲ್ಲ, ‘ಕಾರ್ಯಕರ್ತೆ’ ಎಂದರು. ಯೋಜನೆಯ ಐವತ್ತು ವರ್ಷಗಳ ಮುಖ್ಯ ಜಗಳಗಳೆಲ್ಲ ಈ ಒಂದು ಪದದ ಆಯ್ಕೆಯಿಂದ ಹುಟ್ಟಿವೆ ಎಂದರೆ ತಪ್ಪಿಲ್ಲ.

ಬಿಡುವಿನ ಸೇವೆ ಬಹುಬೇಗ ದಿನವಿಡೀ ದುಡಿಮೆಯಾಯಿತು. ಕೇಂದ್ರ ಗುಡಿಯ ಜಗಲಿಯಲ್ಲೋ ಬಾಡಿಗೆ ಕೋಣೆಯಲ್ಲೋ ನಡೆಯುತ್ತಿತ್ತು. ಬೆಳಗ್ಗೆ ಸಹಾಯಕಿ ಮನೆಮನೆಗೆ ಹೋಗಿ ಮಕ್ಕಳನ್ನು ಕರೆತರಬೇಕು, ನೀರು ತುಂಬಿಡಬೇಕು, ಅಡುಗೆ ಮಾಡಬೇಕು. ಕಾರ್ಯಕರ್ತೆ ಮಕ್ಕಳನ್ನು ತೂಗಿ ಬೆಳವಣಿಗೆಯ ನಕ್ಷೆಯಲ್ಲಿ ಚುಕ್ಕೆ ಇಡಬೇಕು. ಗರ್ಭಿಣಿಯರ ಲೆಕ್ಕ, ಬಾಣಂತಿಯರ ಲೆಕ್ಕ, ದಾಸ್ತಾನಿನ ಲೆಕ್ಕ, ಹಾಜರಿ ಎಂದು ಒಂದು ರಾಶಿ ಪುಸ್ತಕ ಬರೆಯಬೇಕು. ಮೇಲ್ವಿಚಾರಕಿ ಬಂದರೆ ತೋರಿಸಬೇಕು, ಶಿಶು ಅಭಿವೃದ್ಧಿ ಯೋಜನಾಧಿಕಾರಿಯ (ಸಿಡಿಪಿಒ) ಕಚೇರಿಯ ಸಭೆಗೆ ಹೋಗಬೇಕು. ಪಲ್ಸ್ ಪೋಲಿಯೋ ಬಂದರೆ ಹನಿ ಹಾಕಲು ಅವಳೇ, ಚುನಾವಣೆ ಬಂದರೆ ಮತದಾರರ ಪಟ್ಟಿ ಹಿಡಿದು ತಿರುಗಲು ಅವಳೇ. 2000ದ ಆಸುಪಾಸಿನಲ್ಲಿ ಕರ್ನಾಟಕದಲ್ಲಿ ಸ್ತ್ರೀಶಕ್ತಿ ಸಂಘಗಳ ಕಾರ್ಯಕ್ರಮ ಬಂದಾಗ ಗುಂಪು ಕಟ್ಟುವ ಕೆಲಸವೂ ಅವಳ ಹೆಗಲಿಗೇ ಬಿತ್ತು. ಸರ್ಕಾರದ ಯಾವ ಇಲಾಖೆಗೇ ಆಗಲಿ ಹಳ್ಳಿಯ ಹೆಂಗಸರನ್ನು ತಲುಪುವ ಹಾದಿ ಬೇಕಾದರೆ ಆ ಹಾದಿ ಅಂಗನವಾಡಿ ಅಕ್ಕನ ಬಾಗಿಲಿನಿಂದಲೇ ಹಾಯುತ್ತಿತ್ತು.

ಇಷ್ಟರ ನಡುವೆ ಯಾವ ಕೆಲಸ ಹಿಂದೆ ಬೀಳುತ್ತದೆ? ಅಳೆಯಲಾಗದ ಕೆಲಸ. ಅಕ್ಕಿ ತೂಗಬಹುದು, ಮೊಟ್ಟೆ ಎಣಿಸಬಹುದು, ಚುಚ್ಚುಮದ್ದಿನ ತಾರೀಖು ಬರೆದಿಡಬಹುದು. ಮಗು ಇವತ್ತು ಹೊಸ ಹಾಡು ಕಲಿಯಿತೆ, ಜೊತೆಯವನಿಗೆ ಆಟಿಕೆ ಹಂಚಿತೆ, ಕಥೆ ಕೇಳಿ ಪ್ರಶ್ನೆ ಕೇಳಿತೆ ಎಂಬುದಕ್ಕೆ ಪುಸ್ತಕದಲ್ಲಿ ಅಂಕಣವಿರಲಿಲ್ಲ. ಕರ್ನಾಟಕ ‘ಚಿಲಿಪಿಲಿ’ ಎಂಬ ಚಟುವಟಿಕೆಯ ಪಠ್ಯಕ್ರಮ ತಂದಿತು, ಬಾಲಮೇಳಗಳನ್ನು ನಡೆಸಿತು. ಅವು ನಿಜಕ್ಕೂ ಒಳ್ಳೆಯ ಪ್ರಯತ್ನಗಳು. ಆದರೂ ಆರು ಸೇವೆಗಳ ಪೈಕಿ ಯಾವುದಕ್ಕಾಗಿ ಅಂಗಣವಾಡಿ ಹುಟ್ಟಿತ್ತೋ ಅದೇ ಸೇವೆ ಬಡವಾಯಿತು. ಊರವರ ಬಾಯಲ್ಲಿ ಅದು ಉಪ್ಪಿಟ್ಟಿನ ಶಾಲೆಯಾಗಿಬಿಟ್ಟಿತು.

2001ರಲ್ಲಿ ದೇಶದ ಗೋದಾಮುಗಳಲ್ಲಿ ಧಾನ್ಯ ಕೊಳೆಯುತ್ತಿತ್ತು, ಬರದ ಹಳ್ಳಿಗಳಲ್ಲಿ ಜನ ಹಸಿದಿದ್ದರು. ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ಆ ವರ್ಷದ ನವೆಂಬರ್ 28ರ ಆದೇಶ ಅಂಗನವಾಡಿಯ ಚರಿತ್ರೆಯಲ್ಲಿ ದೊಡ್ಡ ತಿರುವು. ಪ್ರತಿ ಜನವಸತಿಗೂ ಅಂಗನವಾಡಿ ಇರಬೇಕು, ಪ್ರತಿ ಮಗುವಿಗೂ ದಿನಕ್ಕೆ 300 ಕ್ಯಾಲೊರಿ, 8ರಿಂದ 10 ಗ್ರಾಂ ಪ್ರೋಟೀನ್ ಸಿಗಬೇಕು ಎಂದು ನ್ಯಾಯಾಲಯ ಹೇಳಿತು. ಅದುವರೆಗೆ ಸರ್ಕಾರದ ಕೃಪೆಯಾಗಿದ್ದದ್ದು ಅಂದಿನಿಂದ ಮಗುವಿನ ಹಕ್ಕಾಯಿತು. 2004ರಲ್ಲಿ ಆಹಾರ ಪೂರೈಕೆಯಲ್ಲಿ ಗುತ್ತಿಗೆದಾರರು ಬೇಡವೆಂಬ ಆದೇಶ ಬಂತು. 2006ರ ಡಿಸೆಂಬರ್ 13ರಂದು ಕೇಂದ್ರಗಳನ್ನು 14 ಲಕ್ಷಕ್ಕೆ ಏರಿಸಬೇಕೆಂಬ ಆದೇಶ ಬಂತು. ಅಂಗನವಾಡಿಯಿಲ್ಲದ ಊರಿನಲ್ಲಿ ನಲವತ್ತು ಪುಟ್ಟ ಮಕ್ಕಳಿದ್ದರೆ, ಊರವರು ಕೇಳಿದ ಮೂರು ತಿಂಗಳೊಳಗೆ ಕೇಂದ್ರ ತೆರೆಯಲೇಬೇಕು ಎಂದೂ ಅದು ಹೇಳಿತು.

ಅದೇ ತಿಂಗಳು, ಅದೇ ನ್ಯಾಯಾಲಯದಲ್ಲಿ, ಕರ್ನಾಟಕದಿಂದ ಹೋಗಿದ್ದ ಇನ್ನೊಂದು ಪ್ರಕರಣಕ್ಕೂ ತೀರ್ಪು ಬಂದಿತ್ತು. ಅಂಗನವಾಡಿ ಕಾರ್ಯಕರ್ತೆಯರು ಸರ್ಕಾರಿ ಹುದ್ದೆಯಲ್ಲಿರುವವರೆ ಎಂಬುದು ಅಲ್ಲಿನ ಪ್ರಶ್ನೆ. ಅಲ್ಲ ಎಂದು ನ್ಯಾಯಪೀಠ ತೀರ್ಮಾನಿಸಿತು. ಅವರದು ಕಾನೂನಿನಿಂದ ಸೃಷ್ಟಿಯಾದ ಹುದ್ದೆಯಲ್ಲ, ಯೋಜನೆಯೊಂದರ ಕೆಲಸ, ಆಡಳಿತ ನ್ಯಾಯಮಂಡಳಿಗೆ ದೂರು ಒಯ್ಯಲು ಅವರಿಗೆ ಬರುವುದಿಲ್ಲ ಎಂದಿತು. ಒಂದೇ ಡಿಸೆಂಬರಿನಲ್ಲಿ ದೇಶ ಹದಿನಾಲ್ಕು ಲಕ್ಷ ಅಂಗನವಾಡಿ ಬೇಕೆಂದಿತು, ಅವನ್ನು ನಡೆಸುವವಳು ನೌಕರಳಲ್ಲ ಎಂದೂ ಹೇಳಿತು. ಈ ಎರಡು ತೀರ್ಪುಗಳನ್ನು ಅಕ್ಕಪಕ್ಕ ಇಟ್ಟು ಓದಿದರೆ ನೋವಾಗುತ್ತದೆ.

ಇನ್ನೊಂದು ಗೆರೆ ಅದಕ್ಕೂ ಮೊದಲೇ ಎಳೆದಾಗಿತ್ತು. 1992ರಲ್ಲಿ ಕರ್ನಾಟಕದ ಕ್ಯಾಪಿಟೇಷನ್ ಶುಲ್ಕದ ಪ್ರಕರಣದಲ್ಲಿ, ಮರುವರ್ಷ ಉನ್ನಿಕೃಷ್ಣನ್ ಪ್ರಕರಣದಲ್ಲಿ ಶಿಕ್ಷಣವನ್ನು ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟ್ ಹೇಳಿತ್ತು. ಎರಡನೆಯ ತೀರ್ಪಿನಂತೆ ಆ ಹಕ್ಕು ಹದಿನಾಲ್ಕರವರೆಗೆ, ಕೆಳಗಿನ ಮಿತಿ ಇರಲಿಲ್ಲ. 2002ರ 86ನೇ ತಿದ್ದುಪಡಿ ಹಕ್ಕನ್ನು ಸಂವಿಧಾನದ 21ಎ ವಿಧಿಯಲ್ಲಿ ಬರೆಯಿತು, ಆದರೆ ಆರರಿಂದ ಹದಿನಾಲ್ಕರ ಮಕ್ಕಳಿಗೆ ಮಾತ್ರ. ಆರರೊಳಗಿನವರನ್ನು 45ನೇ ವಿಧಿಗೆ ತಳ್ಳಿತು. ಅವರ ಪಾಲನೆ ಮತ್ತು ಶಿಕ್ಷಣಕ್ಕೆ ಸರ್ಕಾರ ಪ್ರಯತ್ನಿಸತಕ್ಕದ್ದು ಎಂಬ ನಿರ್ದೇಶನವಷ್ಟೇ ಉಳಿಯಿತು. 2009ರ ಶಿಕ್ಷಣ ಹಕ್ಕು ಕಾಯ್ದೆಯ 11ನೇ ಸೆಕ್ಷನ್ ಕೂಡ ಸರ್ಕಾರ ಅಗತ್ಯ ವ್ಯವಸ್ಥೆ ಮಾಡಬಹುದು ಎನ್ನುತ್ತದೆ, ಮಾಡಲೇಬೇಕು ಎನ್ನುವುದಿಲ್ಲ. ಮಿದುಳು ಅತಿ ಹೆಚ್ಚು ಬೆಳೆಯುವ ವಯಸ್ಸಿನ ಕೂಸು ಹೀಗೆ ಹಕ್ಕಿನ ಬೇಲಿಯ ಹೊರಗುಳಿಯಿತು. ಇದು ದೊಡ್ಡ ತಪ್ಪು.

ಕರ್ನಾಟಕಕ್ಕೆ ಬೆಚ್ಚಿಬೀಳುವ ಹೊತ್ತು 2011ರಲ್ಲಿ ಬಂತು. ರಾಯಚೂರು ಜಿಲ್ಲೆಯ ಅಪೌಷ್ಟಿಕ ಮಕ್ಕಳ ಚಿತ್ರಗಳನ್ನು ಮಾಧ್ಯಮಗಳು ನಾಡಿನ ಮುಂದಿಟ್ಟವು. ಪ್ರಕರಣ ಹೈಕೋರ್ಟಿನ ಮುಂದೆ ಬಂತು, ನ್ಯಾಯಮೂರ್ತಿ ಎನ್.ಕೆ. ಪಾಟೀಲ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ರಚನೆಯಾಯಿತು. ಮುಂದಿನ ವರ್ಷಗಳಲ್ಲಿ ತಟ್ಟೆಗೆ ಒಂದೊಂದೇ ಬಂದು ಸೇರಿತು. 2013ರ ಆಗಸ್ಟಿನಿಂದ ಕ್ಷೀರಭಾಗ್ಯದ ಹಾಲು, ಒಂದು ಮಗುವಿಗೆ 150 ಮಿಲಿಲೀಟರ್. ಆಮೇಲೆ ಮೊಟ್ಟೆ. 2017ರಲ್ಲಿ ಮಾತೃಪೂರ್ಣ. ಎಚ್.ಡಿ. ಕೋಟೆ, ಮಧುಗಿರಿ, ಮಾನ್ವಿ, ಜಮಖಂಡಿ ತಾಲ್ಲೂಕುಗಳಲ್ಲಿ ಮೊದಲು ನಡೆಸಿ ನೋಡಿ, ಅಕ್ಟೋಬರ್ 2ರಿಂದ ರಾಜ್ಯಕ್ಕೆಲ್ಲ ವಿಸ್ತರಿಸಿದರು. ಗರ್ಭಿಣಿ, ಬಾಣಂತಿಯರು ಅಂಗನವಾಡಿಗೇ ಬಂದು ಅನ್ನ, ಸಾರು, ಪಲ್ಯ, ಮೊಟ್ಟೆ, ಹಾಲು, ಚಿಕ್ಕಿಯ ಊಟ ಉಣ್ಣಬೇಕೆಂಬುದು ಯೋಜನೆ.

ಮನೆಗೆ ಕೊಟ್ಟ ಪುಡಿ ಮನೆಯವರೆಲ್ಲರ ಪಾಲಾಗುತ್ತದೆ, ಬಸುರಿಯ ಹೊಟ್ಟೆಗೆ ಸೇರುವುದಿಲ್ಲ ಎಂಬ ಅರಿವು ಇದರ ಹಿಂದೆ ಇತ್ತು. ಅರಿವು ಸರಿಯಾದುದೇ. ಆದರೆ ಮಲೆನಾಡಿನಲ್ಲಿ ಒಂಟಿಮನೆಗಳಿಂದ ಮೈಲಿಗಟ್ಟಲೆ ನಡೆದು ಬರುವುದು ತುಂಬುಗರ್ಭಿಣಿಗೆ ಸುಲಭವಲ್ಲ. ನಮ್ಮಲ್ಲಿ ಬಾಣಂತಿ ಹೊಸಿಲು ದಾಟದೆ ಕೋಣೆಯಲ್ಲಿರುವುದು ಇನ್ನೂ ಉಳಿದಿರುವ ರೂಢಿ. ಕೂಲಿಗೆ ಹೋದವಳು ಮಧ್ಯಾಹ್ನ ಗದ್ದೆಯಿಂದ ಎದ್ದು ಬರಲಾರಳು. ಹೀಗೆ ಒಳ್ಳೆಯ ಯೋಜನೆಯೂ ಊರಿಂದೂರಿಗೆ ಬೇರೆಬೇರೆ ಫಲ ಕೊಟ್ಟಿತು. ಎರಡೂವರೆ ವರ್ಷ ಕಳೆಯುವುದರೊಳಗೆ ಕೊರೊನಾ ಬಂದು ಕೇಂದ್ರಗಳ ಬಾಗಿಲು ಮುಚ್ಚಿಸಿತು. 2021ರ ನವೆಂಬರ್ 8ರವರೆಗೆ ಕರ್ನಾಟಕದ ಅಂಗನವಾಡಿಗಳಲ್ಲಿ ಮಕ್ಕಳ ಸದ್ದಿರಲಿಲ್ಲ. ಅಕ್ಕಂದಿರ ಕೆಲಸ ಮಾತ್ರ ನಿಲ್ಲಲಿಲ್ಲ, ರೇಷನ್ ಹೊತ್ತು ಮನೆಮನೆ ತಿರುಗಿದರು, ಸೋಂಕಿನ ಸಮೀಕ್ಷೆಯನ್ನೂ ಮಾಡಿದರು.

ಇಷ್ಟೆಲ್ಲ ಆದ ಮೇಲೂ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಅಂಕಿಗಳು ನೆಮ್ಮದಿ ಕೊಡುವುದಿಲ್ಲ. ವಯಸ್ಸಿಗೆ ತಕ್ಕ ಎತ್ತರವಿಲ್ಲದ ಐದು ವರ್ಷದೊಳಗಿನ ಮಕ್ಕಳು ನಾಲ್ಕನೇ ಸುತ್ತಿನಲ್ಲಿ ರಾಜ್ಯದಲ್ಲಿ ಶೇ 36.2 ಇದ್ದರು, ಐದನೇ ಸುತ್ತಿನಲ್ಲಿ ಶೇ 35.4. ಎತ್ತರಕ್ಕೆ ತಕ್ಕ ತೂಕವಿಲ್ಲದವರು ಶೇ 26.1ರಿಂದ 19.5ಕ್ಕೆ ಇಳಿದರು. ತೂಕ ಕೈಗೆ ಬಂದಿದೆ, ಎತ್ತರ ಬಂದಿಲ್ಲ. ಕುಂಠಿತ ಬೆಳವಣಿಗೆಗೆ ಬೇರು ಮೊದಲ ಎರಡು ವರ್ಷಗಳಲ್ಲಿದೆ. ಆ ವಯಸ್ಸಿನ ಕೂಸು ಅಂಗನವಾಡಿಗೆ ಬರುವುದಿಲ್ಲ, ಅದರ ಪಾಲಿನ ಆಹಾರದ ಪೊಟ್ಟಣವಷ್ಟೇ ಮನೆಗೆ ಹೋಗುತ್ತದೆ.

ದುಡಿಯುವ ತಾಯಿಯ ಆ ಎಳೆಕೂಸನ್ನು ಯಾರು ನೋಡಿಕೊಳ್ಳಬೇಕು? 1948ರ ಕಾರ್ಖಾನೆ ಕಾಯ್ದೆಯಲ್ಲೇ ಶಿಶುಪಾಲನಾ ಕೋಣೆಯ ಮಾತಿತ್ತು. 1976ರಲ್ಲಿ ಮೂವತ್ತಕ್ಕಿಂತ ಹೆಚ್ಚು ಹೆಂಗಸರಿರುವ ಕಾರ್ಖಾನೆಗೆ ಅದು ಕಡ್ಡಾಯವಾಯಿತು. ಬೆಂಗಳೂರಿನ ಗಾರ್ಮೆಂಟ್ಸ್‌ಗಳಿಗೂ ಇದೇ ಕಾಯ್ದೆ ಅನ್ವಯಿಸುತ್ತಿತ್ತು. 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ಐವತ್ತು ಜನರಿರುವ ಎಲ್ಲ ಸಂಸ್ಥೆಗಳಿಗೂ ಇದನ್ನು ವಿಸ್ತರಿಸಿತು. ಹೊಲಗದ್ದೆಯ ಕೂಲಿಗೆ, ಕೆರೆ ಹೂಳೆತ್ತುವವಳಿಗೆ ಇದಾವುದೂ ತಾಗಲಿಲ್ಲ. 2023ರಲ್ಲಿ ಕರ್ನಾಟಕ ‘ಕೂಸಿನ ಮನೆ’ ಘೋಷಿಸಿತು. ನರೇಗಾ ಕೂಲಿ ಮಾಡುವ ತಾಯಂದಿರ ಮಕ್ಕಳಿಗಾಗಿ 4,000 ಗ್ರಾಮ ಪಂಚಾಯಿತಿಗಳಲ್ಲಿ ಪಾಲನಾ ಕೇಂದ್ರ, ನೋಡಿಕೊಳ್ಳಲು ಊರಿನದೇ ಹೆಂಗಸರಿಗೆ ತರಬೇತಿ. ಮೀರಾ ಮಹಾದೇವನ್ ಕಾಮಗಾರಿಯ ಜಾಗದಲ್ಲಿ ನೆರಳು ಮಾಡಿ ಆಗಲೇ ಐವತ್ತನಾಲ್ಕು ವರ್ಷಗಳಾಗಿದ್ದವು.

ಅಂಗನವಾಡಿ ಅಕ್ಕಂದಿರು ತಮ್ಮ ಮಾತನ್ನು ತಾವೇ ಬೀದಿಗಿಳಿದು ಹೇಳಬೇಕಾಯಿತು. 2017ರ ಮಾರ್ಚಿನಲ್ಲಿ ರಾಜ್ಯದ ಮೂಲೆಮೂಲೆಯಿಂದ ಬಂದ ಸಾವಿರಾರು ಕಾರ್ಯಕರ್ತೆಯರು, ಸಹಾಯಕಿಯರು ಬೆಂಗಳೂರಿನ ಫ್ರೀಡಂ ಪಾರ್ಕಿನ ಸುತ್ತಲ ರಸ್ತೆಯಲ್ಲೇ ಕೂತರು, ರಾತ್ರಿ ಅಲ್ಲೇ ಮಲಗಿದರು. ಊರಿನ ಮಕ್ಕಳಿಗೆಲ್ಲ ಅನ್ನ ಬಡಿಸುವವರು ರಾಜಧಾನಿಯ ಡಾಂಬರಿನ ಮೇಲೆ ಬಟ್ಟೆ ಹಾಸಿಕೊಂಡಿದ್ದ ದೃಶ್ಯವನ್ನು ನಾಡು ನೋಡಿತು. 2023ರ ಜನವರಿಯಲ್ಲಿ ಮತ್ತೆ ಬಂದರು, ಈ ಸಲ ಗ್ರಾಚ್ಯುಟಿಗಾಗಿ. ಅವರ ಕೈಯಲ್ಲಿ ಹೊಸ ಬಲವೊಂದಿತ್ತು. 2022ರ ಏಪ್ರಿಲ್ 25ರಂದು, ಗುಜರಾತಿನಿಂದ ಹೋದ ಪ್ರಕರಣದಲ್ಲಿ, ಗ್ರಾಚ್ಯುಟಿ ಕಾಯ್ದೆ ಅಂಗನವಾಡಿಯವರಿಗೂ ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟ್ ತೀರ್ಪಿತ್ತಿತ್ತು. ಪೀಠದಲ್ಲಿದ್ದವರು ಅಜಯ್ ರಸ್ತೋಗಿ ಮತ್ತು ಅಭಯ್ ಓಕಾ. ಓಕಾ ಅವರು ಅದಕ್ಕೂ ಮುನ್ನ ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದವರು. ಅಂಗನವಾಡಿಯಲ್ಲಿ ನಡೆಯುವುದು ಶಿಕ್ಷಣದ ಕೆಲಸ ಎಂಬುದನ್ನೂ ಆ ತೀರ್ಪು ಗುರುತಿಸಿತು. ಎಪ್ಪತ್ತೇಳು ವರ್ಷ ಹಿಂದೆ ಬೋರ್ಡಿಯ ಕೇರಿಯಲ್ಲಿ ನಡೆದದ್ದೂ ಅದೇ ಕೆಲಸ.

ಶಿಕ್ಷಣ ಎಂದ ಕೂಡಲೇ ಈಗ ಹೊಸ ಜಗಳ ಎದ್ದಿದೆ. ಹಳ್ಳಿಯ ತಾಯ್ತಂದೆಯರಿಗೂ ತಮ್ಮ ಕೂಸು ಎಲ್‌ಕೆಜಿಗೆ ಹೋಗಬೇಕು, ಹಳದಿ ಬಸ್ಸು ಮನೆಮುಂದೆ ಬರಬೇಕು ಎಂಬ ಆಸೆ. ಕೂಲಿ ಮಾಡಿಯಾದರೂ ಕಾನ್ವೆಂಟಿನ ಫೀಸು ಕಟ್ಟುವವರನ್ನು ತಪ್ಪೆನ್ನಲಾಗದು, ಮಗು ಮುಂದೆ ಬರಲಿ ಎಂದು ತಾನೆ ಅವರ ಕಷ್ಟ? 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮೂರರಿಂದ ಎಂಟರ ವಯಸ್ಸನ್ನು ಒಂದೇ ಬುನಾದಿಯ ಹಂತವೆಂದು ಕರೆಯಿತು. ಅದರ ಬೆನ್ನಿಗೆ ಸರ್ಕಾರಿ ಶಾಲೆಗಳಲ್ಲೇ ಎಲ್‌ಕೆಜಿ, ಯುಕೆಜಿ ತೆರೆಯುವ ಮಾತು ಎಲ್ಲೆಡೆ ಹಬ್ಬಿತು. 2024ರಲ್ಲಿ ಕಲ್ಯಾಣ ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಪೂರ್ವಪ್ರಾಥಮಿಕ ತರಗತಿ ತೆರೆಯಲು ಹೊರಟಾಗ ಅಂಗನವಾಡಿಯವರು ಜೂನಿನಲ್ಲಿ ಮತ್ತೆ ಬೀದಿಗೆ ಬಂದರು. ಮೂರು ತುಂಬಿದ ಮಕ್ಕಳೆಲ್ಲ ಶಾಲೆಗೆ ಹೋದರೆ ನಮ್ಮ ಕೇಂದ್ರದಲ್ಲಿ ಉಳಿಯುವವರಾರು ಎಂಬುದು ಅವರ ಪ್ರಶ್ನೆ. ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ ಅಂಗನವಾಡಿಗಳಲ್ಲೇ ಎಲ್‌ಕೆಜಿ ಮಾಡುತ್ತೇವೆ ಎಂದಿತು. ಜುಲೈನಲ್ಲಿ ಬೆಂಗಳೂರಿನ 250 ಅಂಗನವಾಡಿಗಳು ‘ಸರ್ಕಾರಿ ಮಾಂಟೆಸರಿ’ಗಳಾದವು. ಒಂದನೇ ತರಗತಿಗೆ ಆರು ವರ್ಷ ತುಂಬಿರಬೇಕೆಂಬ ನಿಯಮ 2025–26ರಲ್ಲಿ ಜಾರಿಗೆ ಬರುವ ಹೊತ್ತಿಗೆ ಪೋಷಕರ ಗೊಂದಲ ಹೆಚ್ಚಿ, ಆ ಒಂದು ವರ್ಷಕ್ಕೆ ಐದು ವರ್ಷ ಐದು ತಿಂಗಳಿಗೆ ಸಡಿಲಿಸಬೇಕಾಯಿತು.

ಎರಡು ಇಲಾಖೆಗಳು ಒಂದೇ ಮಗುವನ್ನು ಎರಡು ಕಡೆಯಿಂದ ಎಳೆಯುವುದು ಸಲ್ಲ. ಮೀನಾ ಸ್ವಾಮಿನಾಥನ್ ವರದಿ ಬೇಡವೆಂದದ್ದೂ ಇದನ್ನೇ. ಶಾಲೆಯ ಕೋಣೆಯಲ್ಲಿ ಬೆಂಚು ಹಾಕಿ ನಾಲ್ಕು ವರ್ಷದ ಕೂಸಿನ ಕೈಯಲ್ಲಿ ಎ ಬಿ ಸಿ ಡಿ ತಿದ್ದಿಸುವುದು ಶಾಲಾಪೂರ್ವ ಶಿಕ್ಷಣವಲ್ಲ. ಅಂಗನವಾಡಿಯ ಬೋರ್ಡು ಬದಲಿಸಿ ಅದೇ ಒಬ್ಬ ಅಕ್ಕನಿಗೆ ಅದೇ ಲೆಕ್ಕಪುಸ್ತಕಗಳ ಜೊತೆ, ಈಗ ಮೊಬೈಲಿನ ಪೋಷಣ್ ಟ್ರ್ಯಾಕರ್ ಜೊತೆ, ಪಾಠವನ್ನೂ ಹೊರಿಸಿದರೂ ಆಗದು. ಮಕ್ಕಳೊಡನೆ ಆಡುವುದಕ್ಕೆಂದೇ ಪ್ರತಿ ಕೇಂದ್ರಕ್ಕೂ ಇನ್ನೊಬ್ಬ ತರಬೇತಿ ಪಡೆದ ಶಿಕ್ಷಕಿ ಬೇಕು. ಇದು ಖರ್ಚಿನ ಬಾಬತ್ತು ನಿಜ. ಐವತ್ತು ವರ್ಷ ಈ ಖರ್ಚನ್ನು ಗೌರವಧನವೆಂಬ ಹೆಸರಿನಲ್ಲಿ ಹೆಂಗಸರೇ ಹೊತ್ತಿದ್ದಾರೆ. 2018ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಕಾರ್ಯಕರ್ತೆಯ ಗೌರವಧನಕ್ಕೆ ತಾನು ಗೊತ್ತುಮಾಡಿದ ಮೊತ್ತವನ್ನು 3,000ದಿಂದ 4,500 ರೂಪಾಯಿಗೆ, ಸಹಾಯಕಿಯದನ್ನು 1,500ರಿಂದ 2,250ಕ್ಕೆ ಏರಿಸಿತು. ಅದರ ಮೇಲಿನದೆಲ್ಲ ರಾಜ್ಯಗಳು ತಮ್ಮ ಬೊಕ್ಕಸದಿಂದ ಸೇರಿಸಿದ್ದು.

ಟಿ. ನರಸೀಪುರದ ಮೊದಲ ನೂರು ಅಂಗನವಾಡಿಗಳಿಗೆ 2025ರ ಅಕ್ಟೋಬರ್ 2ಕ್ಕೆ ಐವತ್ತು ತುಂಬಿತು. ಅಂದು ಅಲ್ಲಿ ಕೂತು ಉಂಡ ಕೂಸುಗಳ ಮೊಮ್ಮಕ್ಕಳು ಇಂದು ಅದೇ ವಯಸ್ಸಿನವರು. ಅವರ ತಟ್ಟೆಯ ಊಟಕ್ಕೆ ಸುಪ್ರೀಂ ಕೋರ್ಟಿನ ಆದೇಶದ ಬೆಂಬಲವಿದೆ, ಅವರ ಕಲಿಕೆಗೆ ಯಾವ ಹಕ್ಕೂ ಇಲ್ಲ. 21ಎ ವಿಧಿ ಇಂದಿಗೂ ಆರರಿಂದಲೇ ಶುರುವಾಗುತ್ತದೆ. ಅಲ್ಲಿ ಆರು ಎಂದಿರುವುದನ್ನು ಮೂರು ಎಂದು ತಿದ್ದಬೇಕು.